ದೋಣಿಯ ತಳದಲ್ಲಿ ಕೂತವಳು

ಹಳೆಯ ಮರದ ದೋಣಿಗಳ ಹಬ್ಬಕ್ಕೆ ಬಂದವರಿಗೆಲ್ಲ ಕೊಡತಿಯಕ್ಕನ ಎಡಗೈಯ ಫೋಟೊ ಬೇಕು. ಆ ಕೈಯ ಎರಡು ಬೆರಳು ಮಡಚುವುದಿಲ್ಲ. ಗೆಣ್ಣುಗಳು ಒದ್ದೆ ಹಗ್ಗದ ಗಂಟಿನ ಹಾಗೆ ಊದಿಕೊಂಡು ಅಲ್ಲೇ ಗಟ್ಟಿಯಾಗಿವೆ. "ನೋಡಿ, ಒಂದು ಜೀವಮಾನದ ಕಸುಬು ಕೈ ಮೇಲೆ ಹೇಗೆ ಮೂಡಿದೆ!" ಎನ್ನುತ್ತಾರೆ, ಕ್ಯಾಮೆರಾ ಹತ್ತಿರ ತಂದು.

ಕಸುಬು ಮೂಡಿಸಿದ್ದಲ್ಲ ಅದು, ಅಪ್ಪ ಮೂಡಿಸಿದ್ದು. ಆಗ ಅವಳಿನ್ನೂ ಹುಡುಗಿ. ಹಲಗೆ ಹಲಗೆಯ ನಡುವಿನ ಸಂದಿಗೆ ಎಣ್ಣೆಹತ್ತಿ ತುಂಬುತ್ತಿದ್ದವಳು ಒಂದು ಕಡೆ ಸಡಿಲ ಬಿಟ್ಟಳು. ಅಪ್ಪ ಅವಳ ಕೈಯನ್ನು ದೋಣಿಯ ಅಂಚಿಗೆ ಒತ್ತಿ ಹಿಡಿದು ಮರದ ಕೊಡತಿಯಿಂದ ಹೊಡೆದ. ಹೊಡೆದವನು ಅದೇ ಕೊಡತಿಯನ್ನು ಅವಳ ಬಲಗೈಗೆ ಕೊಟ್ಟು, "ಈಗ ಸರಿಯಾಗಿ ತುಂಬು" ಎಂದ. ತುಂಬಿದಳು. ಶೆಡ್ಡಿನ ಬಡಗಿಗಳು ಅವತ್ತೇ ಅವಳಿಗೆ ಕೊಡತಿ ಎಂದು ಹೆಸರಿಟ್ಟರು. ತಮಾಷೆಗೆ. ಬೆರಳು ಮುರಿಸಿಕೊಂಡವಳಿಗೆ ಅದನ್ನು ಮುರಿದ ವಸ್ತುವಿನದೇ ಹೆಸರು! ಅವಳ ನಿಜವಾದ ಹೆಸರು ಈಗ ಅವಳಿಗೇ ತಟ್ಟನೆ ನೆನಪಾಗುವುದಿಲ್ಲ.

ಆ ಅಪ್ಪನಿಗೆ ದೊಡ್ಡ ಮೇಸ್ತ್ರಿ ಎಂದು ಬಿರುದು. ಸತ್ತು ವರ್ಷಗಳಾದರೂ ಹಬ್ಬದ ಹೆಬ್ಬಾಗಿಲಲ್ಲಿ ಆನೆ ಗಾತ್ರದ ಫೋಟೊ. ಅವನು ಕಟ್ಟಿದ ದೋಣಿಗಳ ಬಾಗು ನೋಡಿ ಇಂದಿಗೂ ಜನ ಬಾಯಿ ಬಿಡುತ್ತಾರೆ. ಸುಳ್ಳಲ್ಲ, ಅವನ ದೋಣಿಗಳು ಚೆಂದವೇ. ಚೆಂದದ ದೋಣಿ ಕಟ್ಟಿದವನು ಮನುಷ್ಯನೂ ಚೆಂದವೇ ಇರಬೇಕು ಎಂದು ನಾವು ನಂಬಿಬಿಡುತ್ತೇವಲ್ಲ, ಅಲ್ಲಿಂದ ಶುರುವಾಗುತ್ತದೆ ಈ ಕತೆಯ ಅನ್ಯಾಯ.

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ದೋಣಿಯನ್ನು ನೀರಿಗಿಳಿಸುವಾಗ ಅದರ ಸಂದು ತುಂಬಿದವರೇ ತಳದಲ್ಲಿ ಕೂರಬೇಕು, ಒಂದು ಟಾರ್ಚು, ಒಂದು ಮುಷ್ಟಿ ಹತ್ತಿ, ಒಂದು ಉಳಿ ಹಿಡಿದುಕೊಂಡು. ಎಲ್ಲಾದರೂ ನೀರು ಜಿನುಗಿದರೆ ಅಲ್ಲೇ ಅದುಮಬೇಕು. ಇಲ್ಲಿಯವರೆಗೆ ಇದು ಬುದ್ಧಿವಂತರ ಕೆಲಸವೇ. ದೊಡ್ಡ ಮೇಸ್ತ್ರಿ ಇದಕ್ಕೆ ತನ್ನದೊಂದು ಬಾಲ ಅಂಟಿಸಿದ. ಒಳಗಿಳಿದವರ ತಲೆಯ ಮೇಲೆ ಮುಚ್ಚಳ ಹಾಕಿ, ಮುಚ್ಚಳಕ್ಕೆ ಹೊರಗಿನಿಂದ ಬೆಣೆ ಜಡಿಯುವುದು. "ಓಡಿ ಬರೋಕೆ ದಾರಿ ಇದೆ ಅಂದ್ರೆ ಕೆಲಸದಲ್ಲಿ ಕೈ ಸಡಿಲ ಆಗುತ್ತೆ" ಎಂಬುದು ಅವನ ನ್ಯಾಯ. ಕೂಲಿಯವರು ಯಾರು ಒಪ್ಪುತ್ತಾರೆ ಇದಕ್ಕೆ? ಸಂದು ತುಂಬುವ ಕೆಲಸ ಹೀಗೆ ಮನೆಯ ಹೆಂಗಸರ ಪಾಲಿಗೆ ಬಂತು.

ಮೊದಲು ಕೂತವಳು ಅವನ ಹೆಂಡತಿ. ಒಂದು ಸಲ ಮುಚ್ಚಳ ತೆಗೆದಾಗ ಅವಳ ಗಲ್ಲದವರೆಗೆ ನೀರಿತ್ತು. ಎಳೆದು ಹಲಗೆಯ ಮೇಲೆ ಹಾಕಿದರು. ಗಂಡ ಬಗ್ಗಿ ಕೇಳಿದ್ದು ಒಂದೇ ಮಾತು: "ಯಾವ ಹಲಗೆ?" ಅವಳು ಉಸಿರಿಗೆ ಒದ್ದಾಡುತ್ತಲೇ ಬೆರಳು ತೋರಿಸಿದಳು. ಸಂಜೆ ಎದ್ದು ಎಲ್ಲರಿಗೂ ಊಟಕ್ಕಿಟ್ಟಳು. ಅವಳ ನಂತರ ಕೊಡತಿ ಕೂತಳು. ಕತ್ತಲು, ಎಣ್ಣೆಯ ಘಾಟು, ದೋಣಿ ಜಾರುವಾಗ ಕೆಳಗಿನ ದಿಮ್ಮಿಗಳ ಗುಡುಗು, ಆಮೇಲೆ ಕಿವಿಯ ಪಕ್ಕದಲ್ಲೇ ನೀರಿನ ಸದ್ದು. ಮದುವೆಯ ಮಾತು ಬಂದಾಗಲೆಲ್ಲ, "ಇವಳು ಹೋದ್ರೆ ತಳದಲ್ಲಿ ಯಾರು ಕೂರ್ತಾರೆ?" ಎಂದು ಅಪ್ಪ ಬಂದವರನ್ನು ವಾಪಸು ಕಳಿಸಿದ.

ಅಪ್ಪ ಸತ್ತ. ಕೊಡತಿಯ ತಮ್ಮ ಯಜಮಾನನಾದ. ತಮ್ಮ ಮದುವೆಯಾಗಿ ಹೆಂಡತಿಯನ್ನು ತಂದ. ಆ ಹುಡುಗಿ ಹೊಸಿಲು ದಾಟಿದ ದಿನ ಕೊಡತಿಯ ಎದೆಯಲ್ಲಿ ಎದ್ದ ಮೊದಲ ಮಾತು, ಇನ್ನು ನಾನಲ್ಲ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಸಂದು ತುಂಬುವುದನ್ನು ಹುಡುಗಿಗೆ ಕಲಿಸಿದಳು. ಹೊಡೆಯದೆ ಕಲಿಸಿದಳು, ತಾಳ್ಮೆಯಿಂದ ಕಲಿಸಿದಳು, ಅದರ ಹೆಮ್ಮೆಯೂ ಅವಳಿಗಿತ್ತು. ಆದರೆ ಬೆಣೆ ಜಡಿಯುವ ಕೆಲಸ ತನ್ನ ಪಾಲಿಗೆ ಬಂದಾಗ, "ಯಾಕೆ ಜಡೀಬೇಕು?" ಎಂದು ಒಂದು ದಿನವೂ ಕೇಳಲಿಲ್ಲ. ಮುಚ್ಚಳದ ಒಳಗಿದ್ದವಳು ಹೊರಗೆ ಬಂದಳು, ಅಷ್ಟೇ. ಹೊರಗೆ ಬಂದವಳ ಕೈಯಲ್ಲಿ ಕೊಡತಿಯಿತ್ತು.

ಹಬ್ಬ ಶುರುವಾದದ್ದು ಆಮೇಲೆ. ಹೊಸ ದೋಣಿಗಳೆಲ್ಲ ಫೈಬರಿನವಾಗಿ, ಮರದವು ಅಪರೂಪವಾದಾಗ, ಅವುಗಳ ಮೇಲೆ ಪ್ರೀತಿ ಉಕ್ಕಿದ ಕೆಲವರು ಸಂಘ ಕಟ್ಟಿದರು. ದೋಣಿಗಳು ಬಂದು ನಿಲ್ಲುವ ಧಕ್ಕೆಯ ಉದ್ದಕ್ಕೂ ಬಣ್ಣದ ಬಾವುಟ, ಬ್ಯಾಂಡು, ಬಹುಮಾನ. ಸಂಘದ ಅಧ್ಯಕ್ಷರು ಬಿಳಿ ಟೋಪಿಯ ಸಜ್ಜನರು, ಮೈಕು ಸಿಕ್ಕಿದರೆ ಕಣ್ಣಲ್ಲಿ ನೀರು ತರಿಸಿಕೊಳ್ಳುವವರು. ಬೆಣೆ ಜಡಿಯುವ ಪದ್ಧತಿ ಅವರ ಕಿವಿಗೆ ಬಿದ್ದದ್ದೇ ತಡ, ಅದು ಹಬ್ಬದ ಮುಖ್ಯ ಆಕರ್ಷಣೆಯಾಯಿತು. "ತಾಯಿಯ ಗರ್ಭದಲ್ಲಿ ಮಗುವಿದ್ದ ಹಾಗೆ ದೋಣಿಯ ಗರ್ಭದಲ್ಲಿ ಮನೆಯ ಹೆಣ್ಣು" ಎಂದು ವರ್ಷ ವರ್ಷವೂ ಗದ್ಗದಿತರಾಗುತ್ತಿದ್ದರು. ಗರ್ಭವಂತೆ! ಹೊರಗಿನಿಂದ ಬೆಣೆ ಜಡಿದ ಗರ್ಭವನ್ನು ಇವರು ಯಾವ ಲೋಕದಲ್ಲಿ ಕಂಡರೋ.

ಈ ವರ್ಷ ತಮ್ಮನಿಗೆ ಒಂದು ಹಟ ಹತ್ತಿತು. ಅಪ್ಪ ಕಟ್ಟಿದವುಗಳಲ್ಲೆಲ್ಲ ಹೆಸರಾದ ದೊಡ್ಡ ದೋಣಿ ಬಹಳ ಕಾಲದಿಂದ ಶೆಡ್ಡಿನ ಮೂಲೆಯಲ್ಲಿ ಒಣಗುತ್ತಿತ್ತು. ಅದನ್ನು ಇಳಿಸಿ ಮೊದಲ ಬಹುಮಾನ ಹೊಡೆಯಬೇಕು. ಉಜ್ಜಿದರು, ಬಣ್ಣ ಬಳಿದರು, ವಾರ್ನಿಷ್ ಹಚ್ಚಿದರು. ಮುಖ ನೋಡಿಕೊಳ್ಳುವಷ್ಟು ಹೊಳಪು ಬಂತು. ಆದರೆ ಒಣಗಿದ ಹಲಗೆ ಕುಗ್ಗಿರುತ್ತದೆ, ಸಂದುಗಳು ಬಾಯಿ ಬಿಟ್ಟಿರುತ್ತವೆ. ಅಂಥ ದೋಣಿಯನ್ನು ಮೊದಲು ಆಳವಿಲ್ಲದ ನೀರಿನಲ್ಲಿ ಅರ್ಧ ಮುಳುಗಿಸಿ ಬಿಡಬೇಕು. ಮರ ನೀರು ಕುಡಿದು ಉಬ್ಬಿ ತಾನಾಗಿ ಸಂದು ಮುಚ್ಚಿಕೊಳ್ಳುತ್ತದೆ. ನೀರು ಕುಡಿಸುವುದು ಎನ್ನುತ್ತಾರೆ ಅದಕ್ಕೆ. ಶೆಡ್ಡಿನಲ್ಲಿ ಕಸ ಗುಡಿಸುವವನಿಗೂ ಗೊತ್ತಿರುವ ವಿಷಯ. ತಮ್ಮನಿಗೂ ಗೊತ್ತಿತ್ತು.

"ನೀರು ಕುಡಿಸದೆ ಇಳಿಸ್ತೀರಾ ಇದನ್ನ?" ಎಂದು ಕೇಳಿದವಳು ಅವನ ಹೆಂಡತಿ.

"ಕುಡಿಸಿದ್ರೆ ಹೊಟ್ಟೆ ತುಂಬಾ ಪಾಚಿ ಕಲೆ ಬೀಳುತ್ತೆ. ಜಡ್ಜುಗಳು ಕಲೆ ನೋಡೋಕೆ ಬರ್ತಾರಾ?"

"ಒಳಗೆ ಕೂರೋಳು ನಾನು."

"ಹಾಗಾದ್ರೆ ಹತ್ತಿ ಇನ್ನೊಂಚೂರು ಒತ್ತಿ ತುಂಬು. ಮೇಲೆ ಪುಟ್ಟಿ ಬಳಿ. ಬಾಯಿಗೂ ಒಂಚೂರು ತುಂಬ್ಕೋ."

"ನಿಮ್ಮಪ್ಪನೂ ಇಂಥಾ ಕೆಲಸ ಮಾಡ್ತಿರ್ಲಿಲ್ಲ."

ಅಪ್ಪನ ಹೆಸರು ತೆಗೆದದ್ದು ಅವಳ ತಪ್ಪಾಯಿತು. ಮೊದಲ ಏಟಿಗೆ ಅವಳ ತಲೆ ದೋಣಿಯ ಹಲಗೆಗೆ ಬಡಿಯಿತು. ಬಿದ್ದವಳನ್ನು ಕೂದಲು ಹಿಡಿದು ಎಬ್ಬಿಸಿ ಮತ್ತೆ ಬಡಿದ. ಪಕ್ಕೆಗೆ ಒದ್ದ. ಒದೆಯುವಾಗಲೂ ಬಣ್ಣದ ಡಬ್ಬಿಗೆ ಕಾಲು ತಾಗದಂತೆ ಎಚ್ಚರ ವಹಿಸಿದ. ದೋಣಿಯ ಆಚೆ ಬದಿಯಲ್ಲಿ ಸಂದು ತುಂಬುತ್ತಿದ್ದ ಕೊಡತಿಯಕ್ಕ ಏನು ಮಾಡಿದಳು? ಈ ಸದ್ದು ಕಿವಿಗೆ ಬೀಳದಿರಲೆಂದು ಉಳಿಯ ಮೇಲೆ ಜೋರಾಗಿ ಹೊಡೆಯತೊಡಗಿದಳು. ಅವನು ಜೋರು ಮಾಡಿದಷ್ಟೂ ಇವಳೂ ಜೋರು ಮಾಡಿದಳು. ಹೊರಗೆ ದಾರಿಯಲ್ಲಿ ಹೋಗುತ್ತಿದ್ದವರು, "ಹಬ್ಬದ ಕೆಲಸ ಭರ್ಜರಿ ನಡೀತಿದೆ" ಅಂದುಕೊಂಡಿರಬೇಕು.

ಹಬ್ಬದ ಬೆಳಿಗ್ಗೆ ಹುಡುಗಿಯ ಕೆನ್ನೆಯ ಮೇಲಿನ ನೀಲಿಗೆ ಅಧ್ಯಕ್ಷರ ಹೆಂಡತಿಯೇ ಪೌಡರ್ ಹಚ್ಚಿಕೊಟ್ಟಳು. "ಶೆಡ್ಡಲ್ಲಿ ಜಾರಿ ಬಿದ್ಯಂತಲ್ಲ, ಹುಷಾರಾಗಿರ್ಬಾರ್ದೇನಮ್ಮಾ?" ಎಂದಳು. ಹುಡುಗಿ ನಕ್ಕಳು, ನಕ್ಕಾಗ ಪಕ್ಕೆ ಹಿಡಿದುಕೊಂಡಳು.

ದೋಣಿ ಏರುವಾಗ ಅವಳು ಕೊಡತಿಯ ಕಿವಿಯ ಹತ್ತಿರ ಬಂದಳು. "ಅಕ್ಕಾ, ಬೆಣೆ ಸುಮ್ನೆ ಸಿಕ್ಸಿ ಬಿಡು. ಜಡೀಬೇಡ. ಯಾರಿಗೂ ಗೊತ್ತಾಗಲ್ಲ."

"ಅವನು ಪಕ್ಕದಲ್ಲೇ ನಿಂತಿರ್ತಾನಲ್ಲೇ."

"ನಿಂಗೆ ಕೈ ಇಲ್ವಾ ಅಕ್ಕ? ಕೈಯಲ್ಲಿರೋ ಕೊಡತಿ ನಿಂದು ತಾನೆ?"

ಕೊಡತಿ ಮುಚ್ಚಳ ಎತ್ತಿ ಹಿಡಿದಳು. ಹುಡುಗಿ ಕೆಳಗಿಳಿದಳು. ಮುಚ್ಚಳ ಬಿತ್ತು. ಬ್ಯಾಂಡು ನಿಂತಿತು. ಧಕ್ಕೆಯ ತುಂಬ ಜನ, ಎತ್ತಿದ ಫೋನುಗಳು. ಅಧ್ಯಕ್ಷರು ಮೈಕಿನಲ್ಲಿ ಗರ್ಭದ ಮಾತಿಗೆ ಬಂದರು. ಕೊಡತಿಯ ಪಕ್ಕದಲ್ಲಿ ನಿಂತ ತಮ್ಮ, ಮುಖದಲ್ಲಿ ನಗು ಇಟ್ಟುಕೊಂಡೇ ತುಟಿಯಂಚಿನಲ್ಲಿ, "ಹೊಡಿ" ಎಂದ. ಮೊದಲ ಏಟು ಮೆತ್ತಗೆ ಬಿತ್ತು. "ಸದ್ದು ಕೇಳ್ಬೇಕು ಜನಕ್ಕೆ" ಎಂದ. ಕೊಡತಿ ಹೊಡೆದಳು. ಬೆಣೆ ಕೊನೆಯವರೆಗೂ ಇಳಿಯಿತು.

ಮೇಲೆ ನಿಂತ ಅಕ್ಕ ತಮ್ಮನ ಸಮೇತ ದೋಣಿ ದಿಮ್ಮಿಗಳ ಮೇಲೆ ಜಾರಿ ನೀರಿಗೆ ಬಿತ್ತು. ಚಪ್ಪಾಳೆ, ಸೀಟಿ. ಎಂಥಾ ಚೆಲುವು ಅದರದ್ದು! ಹಂಸದ ಹಾಗೆ ತೇಲಿತು. ತೀರ್ಪುಗಾರರು ಧಕ್ಕೆಯ ಆ ತುದಿಯಿಂದ ಒಂದೊಂದೇ ದೋಣಿ ನೋಡುತ್ತ ಬರುತ್ತಿದ್ದರು.

ಆಗ ಕಾಲ ಕೆಳಗೆ ಬಡಿತ ಶುರುವಾಯಿತು. ಮೊದಲು ಸಣ್ಣಗೆ. ಉಳಿಯ ಹಿಡಿಯಿಂದ ಮುಚ್ಚಳಕ್ಕೆ ಬಡಿಯುತ್ತಿದ್ದಾಳೆ. ಆಮೇಲೆ ಎರಡೂ ಮುಷ್ಟಿಯಿಂದ. ಕೊಡತಿಗೆ ಆ ಬಡಿತದ ಒಳಗುಟ್ಟೆಲ್ಲ ಗೊತ್ತು. ಉಳಿ ಬಿಟ್ಟು ಮುಷ್ಟಿಗೆ ಬಂದಳು ಅಂದರೆ ಹತ್ತಿ ಕಿತ್ತುಬಂತು, ಪುಟ್ಟಿ ಉದುರಿತು, ಇನ್ನು ಅದುಮಲು ಏನೂ ಉಳಿದಿಲ್ಲ. ಧಕ್ಕೆಯ ಜನಕ್ಕೂ ಬಡಿತ ಕೇಳಿಸಿತು. ಇದೂ ಪದ್ಧತಿಯ ಭಾಗವಿರಬೇಕೆಂದು ಅವರು ಅದೇ ತಾಳಕ್ಕೆ ಚಪ್ಪಾಳೆ ತಟ್ಟತೊಡಗಿದರು. ಬ್ಯಾಂಡಿನವನು ಡ್ರಮ್ಮು ಸೇರಿಸಿದ.

"ನೀರು ಬಂದಿದೆ ಕಣೋ" ಎಂದಳು ಕೊಡತಿ.

"ಬರ್ಲಿ. ಜಡ್ಜುಗಳು ಇನ್ನೇನು ಬಂದ್ರು. ಸ್ವಲ್ಪ ತಡ್ಕೊಳ್ಳಲಿ."

"ದೋಣಿ ಮೂತಿ ಇಳೀತಿದೆ, ನೋಡು!"

"ಅಮ್ಮ ಗಲ್ಲದವರೆಗೂ ತಡ್ಕೊಂಡಿರ್ಲಿಲ್ವಾ? ಸುಮ್ನೆ ನಗ್ತಾ ನಿಂತ್ಕೊ."

ಮುಷ್ಟಿಯ ಬಡಿತ ನಿಂತು ತಲೆಯ ಬಡಿತ ಶುರುವಾಯಿತು. ಅದರ ಸದ್ದೇ ಬೇರೆ. ಕೊಡತಿ ಮಂಡಿಯೂರಿ ಬೆಣೆಗೆ ಅಡ್ಡ ಹೊಡೆದಳು. ಅಲುಗಲಿಲ್ಲ. ಅವಳೇ ಜಡಿದದ್ದು, ಅಲುಗುವುದು ಹೇಗೆ? ಪಕ್ಕದಲ್ಲಿ ಶೋಕಿಗೆಂದು ಹೊಳಪು ಹಾಕಿಟ್ಟ ಕಬ್ಬಿಣದ ಲಂಗರು ಇತ್ತು. ಎರಡೂ ಕೈಯಲ್ಲಿ ಎತ್ತಿ ಮುಚ್ಚಳದ ಮೇಲೆ ಅಪ್ಪಳಿಸಿದಳು. ವಾರ್ನಿಷ್ ಸೀಳಿತು. ಹಿಂದಿನಿಂದ ತಮ್ಮ ಅವಳ ಕೂದಲು ಹಿಡಿದು ಎಳೆದ. "ಹುಚ್ಚು ಮುಂಡೆ, ಅಪ್ಪನ ದೋಣಿ ಅದು!"

ಅವಳು ಲಂಗರು ಬಿಟ್ಟಳು, ಕೊಡತಿಯನ್ನು ಕೈಗೆತ್ತಿಕೊಂಡಳು. ತಿರುಗಿ ಹೊಡೆದಳು. ಕೂದಲು ಹಿಡಿದಿದ್ದ ಮಣಿಕಟ್ಟು ಒಣ ಹಲಗೆ ಸಿಗಿದ ಹಾಗೆ ಸದ್ದು ಮಾಡಿತು. ಅವನು ಇನ್ನೊಂದು ಕೈ ಎತ್ತಿದ. ಅವಳು ಮಂಡಿಗೆ ಹೊಡೆದಳು. ಬಿದ್ದವನ ಅದೇ ಮಂಡಿಗೆ ಮತ್ತೊಂದು ಕೊಟ್ಟಳು. ಆ ಎರಡನೆಯದು ಬೇಕಿರಲಿಲ್ಲ. ಬೇಕೆಂದೇ ಹೊಡೆದಳು. ಚಪ್ಪಾಳೆ ಒಮ್ಮೆಲೇ ನಿಂತುಹೋಯಿತು.

ಲಂಗರಿನ ಮುಂದಿನ ಏಟಿಗೆ ಮುಚ್ಚಳ ಹೋಳಾಯಿತು. ಒಳಗೆ ಕಪ್ಪು ನೀರು, ಅದರ ಮೇಲೆ ಹತ್ತಿಯ ಎಳೆಗಳು, ಎಳೆಗಳ ನಡುವೆ ಮೇಲಕ್ಕೆತ್ತಿದ ಒಂದು ಮುಖ, ಹಣೆ ಒಡೆದು ರಕ್ತ. ಕೊಡತಿ ಹೊಟ್ಟೆಯ ಮೇಲೆ ಮಲಗಿ, ತೋಳಿನ ಸಂದಿಗೆ ಕೈ ಹಾಕಿ ಎಳೆದಳು. ಒಡೆದ ಹಲಗೆ ಇಬ್ಬರ ಮೈಯನ್ನೂ ಸೀಳಿತು. ಧಕ್ಕೆಯಿಂದ ಯಾರೋ ಹಗ್ಗ ಎಸೆದರು. ಹೆಂಗಸರಿಬ್ಬರೂ ಧಕ್ಕೆಯ ಮೇಲೆ ಬಂದರು, ತಮ್ಮನನ್ನೂ ಜನ ಮೇಲಕ್ಕೆ ಎಳೆದುಕೊಂಡರು. ದೊಡ್ಡ ಮೇಸ್ತ್ರಿಯ ದೋಣಿ ತೀರ್ಪುಗಾರರ ಕಣ್ಣೆದುರೇ ಗುಳುಗುಳು ಎನ್ನುತ್ತ ತಳ ಕಂಡಿತು.

ಅಧ್ಯಕ್ಷರು ಓಡಿ ಬಂದರು. ಟೋಪಿ ಕೈಯಲ್ಲಿತ್ತು, ಈ ಸಲದ ಕಣ್ಣೀರು ನಿಜವಾದದ್ದು. "ಏನಮ್ಮಾ ಮಾಡ್ಬಿಟ್ಟೆ! ಆ ದೋಣಿಗೆ ವಯಸ್ಸೆಷ್ಟು ಗೊತ್ತಾ ನಿಂಗೆ?"

"ಅದಕ್ಕಿಂತ ನಾನೇ ದೊಡ್ಡೋಳು ಸ್ವಾಮಿ. ನನ್ನ ವಯಸ್ಸು ಯಾವತ್ತಾದ್ರೂ ಕೇಳಿದ್ರಾ?"

ಹುಡುಗಿ ಕಲ್ಲಿನ ಮೇಲೆ ಬೋರಲು ಬಿದ್ದು ನೀರು ಕಾರುತ್ತಿದ್ದಳು. ಕೊಡತಿ ಅವಳ ಬೆನ್ನು ನೀವಲು ಬಗ್ಗಿದಳು. ಹುಡುಗಿ ಎದ್ದು ಕೂತಳು, ಉಸಿರು ಎಳೆದುಕೊಂಡಳು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೊಡತಿಯ ಕೆನ್ನೆಗೆ ಬಾರಿಸಿದಳು. ಬಾಯೊಳಗೆ ರಕ್ತದ ರುಚಿ ಬಂತು. ಕೊಡತಿ ಮುಖ ತಿರುಗಿಸಲಿಲ್ಲ. ಹುಡುಗಿ ಇನ್ನೊಂದು ಕೆನ್ನೆಗೂ ಕೊಟ್ಟಳು.

ಪೊಲೀಸಿನವನು ಜನರನ್ನು ತಳ್ಳಿಕೊಂಡು ಬಂದ. ಮಣಿಕಟ್ಟು ಎದೆಗೊತ್ತಿ ಹಿಡಿದಿದ್ದ ತಮ್ಮ, ಗಲ್ಲದಿಂದಲೇ ಅಕ್ಕನನ್ನು ತೋರಿಸಿ, "ಇವಳೇ ಸಾರ್. ದೋಣಿ ಒಡೆದೋಳು, ನನ್ನ ಮುರಿದೋಳು" ಎಂದ. ಅಧ್ಯಕ್ಷರು ತಲೆಯಾಡಿಸಿದರು. ಪೊಲೀಸಿನವನು ಒದ್ದೆಯಾಗಿ ನಡುಗುತ್ತಿದ್ದ ಹುಡುಗಿಯ ಕಡೆ ತಿರುಗಿ, "ನೀವೇನಮ್ಮ ಹೇಳ್ತೀರಿ?" ಎಂದು ಕೇಳಿದ.

"ಇವಳು ಹೊಡೆದಿದ್ದು ನಿಜ" ಎಂದಳು ಹುಡುಗಿ. "ನನ್ನ ಮೇಲೆ ಬೆಣೆ ಜಡಿದಿದ್ದೂ ಇವಳೇ. ಜಡಿ ಅಂದಿದ್ದು ಅವನು. ಮೊನ್ನೆ ನನ್ನ ಪಕ್ಕೆ ಮುರಿದಿದ್ದೂ ಅವನೇ. ಪೌಡರ್ ಹಚ್ಚಿದ್ದು ಈ ಅಧ್ಯಕ್ಷರ ಮನೆಯವರು. ನಾನು ಸಾಯ್ತಾ ಬಡ್ಕೊಂಡಾಗ ಚಪ್ಪಾಳೆ ತಟ್ಟಿದ್ದು ಇಲ್ಲಿರೋರೆಲ್ಲ. ನಾನು ಆ ಮನೆಗೆ ವಾಪಸ್ ಹೋಗೋದಿಲ್ಲ. ಯಾರ್ಯಾರನ್ನ ಕರ್ಕೊಂಡ್ ಹೋಗ್ತೀರೋ ನೋಡಿ, ಒಬ್ಬರನ್ನೂ ಬಿಡ್ಬೇಡಿ."

ಗುಂಪಿನ ಹಿಂದಿನ ಸಾಲಿನಿಂದ ಜನ ಮೆಲ್ಲಗೆ ಜಾರತೊಡಗಿದರು. ಫೋನುಗಳು ಜೇಬು ಸೇರಿದವು. ಪೊಲೀಸಿನವನು ಯಾರಿಂದ ಶುರು ಮಾಡುವುದೆಂದು ತಿಳಿಯದೆ ಕತ್ತು ಕೆರೆದುಕೊಂಡ.

"ನನ್ನಿಂದ ಶುರು ಮಾಡಿ" ಎಂದಳು ಕೊಡತಿಯಕ್ಕ. ಕೊಡತಿಯನ್ನು ನೀರಿಗೆಸೆದು ಮೊದಲು ತಾನೇ ಜೀಪಿನ ಕಡೆ ನಡೆದಳು. ಹುಡುಗಿ ಅವಳ ಹಿಂದೆ ಬಂದಳು, ಆದರೆ ಅವಳ ಪಕ್ಕದಲ್ಲಿ ಕೂರಲಿಲ್ಲ. ಮುಂದಿನ ಸೀಟು ಕೇಳಿ, ಕಿಟಕಿ ಪೂರ್ತಿ ಇಳಿಸಿಕೊಂಡು ಕೂತಳು.