ಹಿಂದಿನ ಲಿಫ್ಟು

ಕರಾವಳಿಯಲ್ಲಿ ಹುಟ್ಟಿದ ನನಗೆ ಬಳ್ಳಾರಿಗೆ ಬಂದು ಇಷ್ಟು ವರ್ಷವಾದರೂ ಅನ್ನವೇ ಆಗಬೇಕು. ಅವತ್ತು ಸಿರುಗುಪ್ಪದಿಂದ ಬಸ್ಸಿನಲ್ಲಿ ಅಕ್ಕಿಯ ಗಂಟು ಹೊತ್ತು ತಂದಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಹೊಸ ಕಾವಲುಗಾರ ತಡೆದ.

"ಅಮ್ಮಾ, ಕೆಲಸದೋರ ಲಿಫ್ಟು ಹಿಂದೈತ್ರಿ."

ಕೆಲಸದವರಿಗೆ ಬೇರೆ ಲಿಫ್ಟಿರಲಿ ಎಂದು ನಿವಾಸಿಗಳ ಸಭೆಯಲ್ಲಿ ಮೊದಲು ಕೈಯೆತ್ತಿದವಳೇ ನಾನು. ಗಂಟು ಹೊತ್ತು ಹಿಂದಕ್ಕೆ ಹೋದೆ.

ಅಲ್ಲಿ ಪೊರಕೆ ಹಿಡಿದಿದ್ದ ಹೆಂಗಸೊಬ್ಬಳು ಗಂಟಿಗೆ ಕೈಹಚ್ಚಿದಳು. "ಯಾರ ಮನ್ಯಾಗ ಮಾಡ್ತೀಯವ್ವಾ?"

"ಮುನ್ನೂರ ನಾಲ್ಕರಲ್ಲಿ."

"ಅಯ್ಯ, ಆ ಮುದುಕಿ ಭಾಳ ಜೋರಂತ! ಹೆಂಗ ತಡಕೊಂಡೀಯವ್ವಾ?"

ಆ ಮುದುಕಿ ನಾನೇ. "ಏನು ಮಾಡೋದಮ್ಮಾ, ಅಭ್ಯಾಸವಾಗಿದೆ" ಎಂದೆ.

ಅವಳ ಕಣ್ಣಿಗೆ ಬೀಳಬಾರದೆಂದು ಈಗ ಎಷ್ಟೇ ಹೊತ್ತು ಕಾಯಬೇಕಾದರೂ ಮುಂದಿನ ಲಿಫ್ಟಿನಲ್ಲೇ ಓಡಾಡುತ್ತೇನೆ. ನಾನು ಕೈಯೆತ್ತಿದ ನಿಯಮ ಕೊನೆಗೂ ನನ್ನ ಉಪಯೋಗಕ್ಕೆ ಬಂತು.