ಮೂಲಿ ಗುಂಡಗ ಇರಬೇಕ್ರಿ

ಸಂಖ ಎಂಬ ನಮ್ಮೂರಿನಲ್ಲಿ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಇಂಜಿನಿಯರರು ದೂರದ ಕಾರ್ಖಾನೆಯೊಂದಕ್ಕೆ ನಕ್ಷೆ ತೆಗೆದುಕೊಡುತ್ತಿದ್ದರು. ರೈಲು ಡಬ್ಬಿಯ ಅಡಿಯಲ್ಲಿ ಬ್ರೇಕನ್ನು ಹಿಡಿದಿಡುವ ಉಕ್ಕಿನ ಚೌಕಟ್ಟಿನ ನಕ್ಷೆ. ನಮ್ಮೂರಿಗೋ ರೈಲೇ ಇಲ್ಲ.

ಕಂಪ್ಯೂಟರು ಸರಿ ಎಂದರೂ ಅವರಿಗೆ ಸಮಾಧಾನವಿಲ್ಲ. ಜೋಳದ ದಂಟು ಸುಲಿದು, ಒಳಗಿನ ಬೆಂಡಿನಿಂದ ಅದೇ ಚೌಕಟ್ಟನ್ನು ಪುಟ್ಟದಾಗಿ ಮಾಡಿ, ಹೆಬ್ಬೆರಳಿನಿಂದ ಒತ್ತಿ ನೋಡುವರು. ಅದು ಚೂಪು ಮೂಲೆಯಲ್ಲೇ ಮೊದಲು ಬಿರಿಯುತ್ತಿತ್ತು. “ಮೂಲಿ ಗುಂಡಗ ಇರಬೇಕ್ರಿ,” ಎನ್ನುವರು. ಮಾತು ಅಷ್ಟೇ. ಚಹಾಕ್ಕೆ ಕರೆದರೆ ಬಾಗಿಲಲ್ಲೇ ನಿಂತು ಕುಡಿದು, ಕಪ್ಪು ತಾವೇ ತೊಳೆದಿಟ್ಟು ಹೋಗುವರು.

ಒಂದು ಮುಂಜಾನೆ ಇಸ್ತ್ರಿ ಅಂಗಿ ತೊಟ್ಟು ಬಂದರು. “ಗಾಡಿ ಬರೂದೈತಿ. ಮಿರಜಿಗೆ ಬರ್ತೀರೇನ್ರಿ?”

ಅಂತೂ ಇವರಿಗೂ ಯಾರೋ ಬರುವವರಿದ್ದಾರೆ ಎಂದು ನಾನು ಹಿಗ್ಗಿದೆ. ಬಸ್ಸು ಬದಲಿಸಿ ಹೋದೆವು. ಅವರು ನನ್ನನ್ನು ಪ್ಲಾಟ್‌ಫಾರ್ಮಿನ ತುದಿಗೆ, ಗಾಲಿಗಳು ಕಾಣುವ ಇಳಿಜಾರಿಗೆ ಕರೆದೊಯ್ದರು. ಗಾಡಿ ಬಂದು ನಿಂತಿತು. ಅವರು ಮೊಣಕಾಲೂರಿ ಕೂತರು. ಜನ ಇಳಿದರು, ತಮ್ಮವರೊಡನೆ ಹೊರಟುಹೋದರು. ಗಾಡಿಯೂ ಹೊರಟಿತು.

“ನಿಮ್ಮವ್ರು ಯಾರೂ ಇಳೀಲಿಲ್ಲಲ್ರಿ?” ಎಂದೆ.

“ನಮ್ಮವ್ರು ಯಾರೂ ಇಲ್ರಿ ಅದರಾಗ,” ಎಂದು ಮೊಣಕಾಲ ಧೂಳು ಕೊಡವಿದರು. “ನಾ ನಕ್ಷೆ ತಗದಿದ್ದ ಚೌಕಟ್ಟು ಗಾಲಿ ಸಂದ್ಯಾಗ ಇತ್ತು. ಮೂಲಿ ಎಷ್ಟ್ ಚಂದ ಗುಂಡಗ ಬಂದಾವ, ನೋಡಿದ್ರೇನ್ರಿ?”

ಗಾಡಿ ನಿಂತಷ್ಟು ಹೊತ್ತೂ ನಾನು ಬಾಗಿಲುಗಳನ್ನೇ ನೋಡಿದ್ದೆ.