ಅಟಕ್ ಇಲ್ಲದವಳ ಮನೆ

"ಬೆನ್, ತಮಾರೀ ಅಟಕ್ ಶೂಂ?" ಎಂದು ಫ್ಲ್ಯಾಟು ಕೊಳ್ಳಲು ಹೋಗಿದ್ದ ಸೊಸೈಟಿಯ ಸೆಕ್ರೆಟರಿ ಕೇಳಿದಾಗ ನಾನು ಬಹಳ ಗತ್ತಿನಿಂದ, "ಏನೂ ಅಟಕಾಯಿಸಿಲ್ಲ, ಲೋನ್ ಮಂಜೂರಾಗಿದೆ" ಎಂದು ಹಿಂದಿಯಲ್ಲಿ ಉತ್ತರ ಕೊಟ್ಟೆ. ಆತ ದಲ್ಲಾಳಿಯ ಮುಖ ನೋಡಿದ. ದಲ್ಲಾಳಿ ನನ್ನ ಮುಖ ನೋಡಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಜರಾತಿಯಲ್ಲಿ ಅಟಕ್ ಎಂದರೆ ಅಡ್ಡಹೆಸರು, ಮನೆತನದ ಹೆಸರು. ನನ್ನ ಬಳಿ ಅದು ಇರಲಿಲ್ಲ. ನಾನು ಎಂ. ಆರ್. ವಿಶಾಲಾಕ್ಷಿ. ಎಂ ಎಂದರೆ ಮಾವಿನಕೆರೆ, ಆರ್ ಎಂದರೆ ರಂಗಪ್ಪ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಾನು. ಅಷ್ಟರಲ್ಲೇ ಇಷ್ಟು ವರ್ಷ ಬಾಳಿದ್ದೆ, ಆಫೀಸಿನ ಇಂಗ್ಲಿಷಿನಲ್ಲಿ ಅದೇ ಸಾಕಾಗಿತ್ತು.

ಅಡ್ಡಹೆಸರು ಸಿಕ್ಕಿದರೆ ಸಾಕು, ಇಲ್ಲಿಯವರಿಗೆ ನಿಮ್ಮ ಜಾತಿ, ಊರು, ಕಸುಬು, ನಿಮ್ಮ ಅಡುಗೆಮನೆಯಲ್ಲಿ ಮೊಟ್ಟೆ ಒಡೆಯುತ್ತದೆಯೋ ಇಲ್ಲವೋ ಎಲ್ಲವೂ ತಿಳಿದುಬಿಡುತ್ತದೆ. ನಮ್ಮ ತುಮಕೂರು ಕಡೆಯವರೇನು ಇದನ್ನೆಲ್ಲ ಕೇಳದ ಸಾಧುಗಳಲ್ಲ. ನಾವು ಕಾಫಿ ಕೊಟ್ಟು, ಮನೆದೇವರು ಯಾವುದು, ಅಜ್ಜಿಯ ತೌರು ಯಾವುದು ಎಂದು ಸುತ್ತಿ ಬಳಸಿ ಅದೇ ಜಾಗಕ್ಕೆ ಬರುತ್ತೇವೆ. ಇವರು ಗೇಟಿನಲ್ಲೇ ಒಂದು ಪದದಲ್ಲಿ ಮುಗಿಸುತ್ತಾರೆ. ಕಾಫಿಪುಡಿಯಾದರೂ ಉಳಿಯುತ್ತದೆ.

ಸರ್ಕಾರಿ ವಿಮಾ ಕಂಪನಿಯ ಕೆಲಸ ನನ್ನನ್ನು ಮೊದಲು ಅಹಮದಾಬಾದಿಗೆ, ಆಮೇಲೆ ಸೂರತ್ತಿಗೆ, ಕೊನೆಗೆ ವಡೋದರಾಕ್ಕೆ, ಅಂದರೆ ನಮ್ಮವರ ಬಾಯಲ್ಲಿ ಇನ್ನೂ ಬರೋಡವಾಗಿಯೇ ಇರುವ ಊರಿಗೆ ತಂದುಹಾಕಿತು. ಮದುವೆಯ ಗೋಜಿಗೆ ಹೋಗದ ನನಗೆ ಮೂರೂ ಊರುಗಳಲ್ಲಿ ಬಾಡಿಗೆ ಮನೆ. ಅಹಮದಾಬಾದಿನ ಮನೆಯೊಡತಿ, ಬೇಳೆಗೆ ಬೆಲ್ಲ ಹಾಕದೆ ಸಾರು ಮಾಡುವ ಹೆಂಗಸನ್ನು ಕಡೆಯವರೆಗೂ ಅನುಮಾನದಿಂದಲೇ ನೋಡಿದಳು. ಸೂರತ್ತಿನಲ್ಲಿದ್ದಾಗ ಪಾಂಡೇಸರಾದ ಬಣ್ಣದ ಮಿಲ್ಲುಗಳಲ್ಲಿ ಬೆಂಕಿ ಬಿದ್ದರೆ ನಷ್ಟ ನೋಡಲು ನಾನೇ ಹೋಗಬೇಕಿತ್ತು. ಅಲ್ಲಿಯ ಗೋದಾಮಿನ ಬೋರ್ಡುಗಳನ್ನು ಓದುತ್ತ ಗುಜರಾತಿ ಅಕ್ಷರ ಕಲಿತೆ. ಹಿಂದಿಯ ತಲೆಗೆರೆ ಅಳಿಸಿದರೆ ಅರ್ಧ ಗುಜರಾತಿ ಬಂದಂತೆ. ಉಳಿದರ್ಧವನ್ನು ಊಹಿಸಿಕೊಳ್ಳಬಹುದು.

ಓದದೆ ಸಹಿ ಹಾಕಿ ಆಮೇಲೆ ಗೋಳಾಡುವವರನ್ನು ಕಂಡರೆ ನನಗೆ ತಾತ್ಸಾರ. ನನ್ನ ಕೆಲಸವೇ ಅಂಥವರ ನಡುವೆ. ಆದರೆ ಆ ಜಾಣರ ಸಾಲಿನಲ್ಲಿ ನಾನೂ ಒಬ್ಬಳು. ಅಪ್ಪ ಹೋದ ಮೇಲೆ ತಮ್ಮ ನಾಗರಾಜ ತುಮಕೂರಿನ ವಕೀಲರ ಹತ್ತಿರ ಕರೆದುಕೊಂಡು ಹೋಗಿ, "ಖಾತೆ ಬದಲಾವಣೆಗೆ ಒಂದು ಸೈನ್ ಅಕ್ಕ, ಅಷ್ಟೇ" ಅಂದ. ನಾನು ರೈಲಿನ ಹೊತ್ತಾಯಿತೆಂದು ಓದದೆ ಸಹಿ ಹಾಕಿಕೊಟ್ಟು ಬಂದೆ. ಅದು ಹಕ್ಕು ಖುಲಾಸೆ ಪತ್ರ ಎಂದು ಗೊತ್ತಾದದ್ದು ನಕಲು ಕೈಗೆ ಬಂದ ಮೇಲೆ. 'ರಂಗಪ್ಪನವರ ಮಗಳಾದ ನನಗೆ ಸದರಿ ಮನೆಯಲ್ಲಿ ಯಾವುದೇ ಹಕ್ಕು ಇರುವುದಿಲ್ಲ' ಎಂದು ಒಂದು ಕಾಗುಣಿತದ ತಪ್ಪೂ ಇಲ್ಲದ ಅಚ್ಚ ಕನ್ನಡದಲ್ಲಿತ್ತು. ನಿವೃತ್ತಿಯಾಗುವ ಹೊತ್ತಿಗೆ ನನ್ನದೆನ್ನುವ ಒಂದು ಬಾಗಿಲು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ವಡೋದರಾದ ಮಕರಪುರದ ಕಡೆ ನೋಡಿದ್ದ ಈ ಫ್ಲ್ಯಾಟು ಕೈಬಿಟ್ಟರೆ ಇನ್ನೊಂದು ಕೊಳ್ಳುವ ತ್ರಾಣವೂ ಇರಲಿಲ್ಲ. ಆದ್ದರಿಂದ ಈ ಸಲ ವಕೀಲನನ್ನು ನಾನೇ ಆರಿಸಬೇಕೆಂದು ಹಟ ಹಿಡಿದೆ.

ಈ ಊರಿನಲ್ಲಿ ಮನೆ ಕೊಳ್ಳುವವರು ವಕೀಲನನ್ನು ಆರಿಸುವುದಿಲ್ಲ. ಮಾರುವವನೇ ತನ್ನ ವಕೀಲನನ್ನು ಚಹಾದ ಜೊತೆಗೆ ಕೊಡುತ್ತಾನೆ. ನಮ್ಮ ಕನ್ನಡದವರ ಕೂಟದ ಹಿರಿಯರಾದ ರೈಲ್ವೆಯ ಪಾಟೀಲರು ಕೂಡ, "ಎಲ್ಲಾರೂ ಅವರ ಕಡೆಯವನ ಹತ್ರನ ಮಾಡಸ್ತಾರ್ರೀ ಮೇಡಂ. ನಿಮಗೊಬ್ಬರಿಗೆ ಯಾಕ ಬ್ಯಾರೆ ವಕೀಲ?" ಅಂದರು. ಧಾರವಾಡದ ಪಾಟೀಲರಿಗೇನು, ಹುಟ್ಟುವಾಗಲೇ ಅಡ್ಡಹೆಸರು ಬಂದಿದೆ. ಇಲ್ಲಿಯವರು ಅವರನ್ನು ಮರಾಠಿಯವರೆಂದುಕೊಂಡಿದ್ದಾರೆ, ಅವರೂ ಬೇಡವೆಂದಿಲ್ಲ. ಕಳ್ಳ ತನ್ನ ಕಡೆಯ ಪೊಲೀಸನನ್ನು ಕೊಟ್ಟರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ಆ ವಾರ ಅವರ ಮನೆಯಿಂದ ಹಬ್ಬದ ಊಟದ ಕರೆ ಬರಲಿಲ್ಲ.

ನೋಡಿದ ಮೊದಲ ವಕೀಲ ಅಟಕ್ ಕೇಳಿದ. ಎರಡನೆಯವನೂ ಕೇಳಿದ, ಇಲ್ಲವೆಂದಾಗ ನಾನು ಏನನ್ನೋ ಮುಚ್ಚಿಡುತ್ತಿದ್ದೇನೆಂಬಂತೆ ಕನ್ನಡಕ ಕೆಳಗಿಳಿಸಿದ. ಮೂರನೆಯವನಾದ ಜಯೇಶ್‌ಭಾಯಿ ಮಾತ್ರ ಕೇಳಲಿಲ್ಲ. ನನ್ನ ಪ್ಯಾನ್ ಕಾರ್ಡು ಈಸಿಕೊಂಡು ಬದಿಗಿಟ್ಟ, ಮನೆ ಎದ್ದಿರುವ ಜಮೀನು ಮೂವತ್ತು ವರ್ಷಗಳಿಂದ ಯಾರ ಕೈಯಿಂದ ಯಾರ ಕೈಗೆ ಬಂತೆಂದು ನೋಡಬೇಕು ಅಂದ. ಮನುಷ್ಯನ ಜಾತಿ ಬಿಟ್ಟು ಮಣ್ಣಿನ ಜಾತಕ ಕೇಳುವವನೊಬ್ಬ ಸಿಕ್ಕಿದನಲ್ಲ ಎಂದು ನನಗೆ ಹಿಗ್ಗು. ಮರ್ಯಾದಸ್ಥ ಅಂದುಕೊಂಡೆ. ಕಣ್ಣೆತ್ತಿ ನೋಡದಿರುವುದಕ್ಕೆ ಮರ್ಯಾದೆಯಲ್ಲದೆ ಬೇರೆ ಕಾರಣವೂ ಇರಬಹುದೆಂದು ಹೊಳೆಯಲಿಲ್ಲ.

ಪ್ಯಾನ್ ಕಾರ್ಡಿನಲ್ಲಿ ಇನಿಶಿಯಲ್ ನಡೆಯುವುದಿಲ್ಲವಾದ್ದರಿಂದ ಅಲ್ಲಿ 'ಮಾವಿನಕೆರೆ ರಂಗಪ್ಪ ವಿಶಾಲಾಕ್ಷಿ' ಎಂದು ಪೂರ್ತಿ ಇದೆ. ಎರಡನೆಯ ಭೇಟಿಯಲ್ಲಿ ಆತ ಅದರ ಮೇಲೆ ಬೆರಳಿಟ್ಟು, "ರಂಗಪ್ಪಾಭಾಯಿ?" ಎಂದ.

"ವೋ ಅಬ್ ನಹೀಂ ರಹೇ," ಎಂದೆ. ಅವರು ಈಗಿಲ್ಲ.

ಆತ ಪೆನ್ನು ಕೆಳಗಿಟ್ಟ. ಫ್ಯಾನಿನ ಕಡೆ ನೋಡಿ ಉಸಿರುಬಿಟ್ಟ. ಒಬ್ಬರೇ ಇರುವುದಾ ಎಂದು ಕೇಳಿದ. ಹೌದೆಂದೆ. "ಹಿಮ್ಮತ್ ರಾಖ್‌ಜೋ, ಬೆನ್," ಧೈರ್ಯವಾಗಿರಿ ಅಕ್ಕಾ ಎಂದು ಹೇಳಿ ನನಗಾಗಿ ಮಸಾಲೆ ಚಹಾ ತರಿಸಿದ. ಅಪ್ಪ ಸತ್ತು ಎಷ್ಟೋ ವರ್ಷವಾದ ಮೇಲೂ ಇಷ್ಟು ಮರುಗುವ ವಕೀಲ ತುಮಕೂರಿನಲ್ಲಿ ಎಲ್ಲಿ ಸಿಗುತ್ತಾನೆ ಎಂದು ಕಣ್ಣೊರೆಸಿಕೊಳ್ಳುತ್ತ ಆ ಚಹಾ ಕುಡಿದೆ.

ಆಮೇಲೆ ಶುರುವಾಯಿತು 'ಥಯಿ ಜಶೇ'. ಆಗುತ್ತೆ ಬಿಡಿ ಎಂದು ಅರ್ಥ. ದಸ್ತಾವೇಜು, ಅಂದರೆ ಕ್ರಯಪತ್ರ, ಮುಂಚೆಯೇ ಓದಲು ಕೊಡಿ ಎಂದು ಫೋನ್ ಮಾಡಿದರೆ ಥಯಿ ಜಶೇ. ಕಚೇರಿಗೆ ಹೋಗಿ ಕೂತರೆ ಥಯಿ ಜಶೇ. ನಮ್ಮ ಕಡೆ 'ಮಾಡೋಣ' ಅಂದರೆ ಮಾಡುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಇಲ್ಲಿಯ ಥಯಿ ಜಶೇ ಅದಕ್ಕಿಂತ ಅಪಾಯ, ಏಕೆಂದರೆ ಕೆಲಸ ನಿಜವಾಗಿಯೂ ಆಗಿಬಿಡುತ್ತದೆ, ಹೇಗೆ ಬೇಕೋ ಹಾಗೆ. ಪತ್ರ ನನ್ನ ಕೈಗೆ ಬಂದದ್ದು ನೋಂದಣಿಯ ದಿನ, ಸಬ್ ರಿಜಿಸ್ಟ್ರಾರ್ ಕಚೇರಿಯ ಮೊಗಸಾಲೆಯಲ್ಲಿ.

ಗುಜರಾತಿನಲ್ಲಿ ಹೆಂಗಸರ ಹೆಸರಿಗೆ ಮನೆ ಕೊಂಡರೆ ನೋಂದಣಿ ಶುಲ್ಕ ಮಾಫಿ. ಹಾಗಾಗಿ ಆ ಮೊಗಸಾಲೆಯ ತುಂಬ ರೇಷ್ಮೆ ಸೀರೆ ಉಟ್ಟ ಮನೆಯೊಡತಿಯರು. ಫೈಲು ಮಾತ್ರ ಗಂಡಂದಿರ ಕಂಕುಳಲ್ಲಿ. ಕರೆದಾಗ ಹೋಗಿ ಫೋಟೋಗೆ ಮುಖ ಕೊಟ್ಟು, ಹೆಬ್ಬೆರಳು ಒತ್ತಿ, ಬಂದು ಕೂರುತ್ತಿದ್ದರು. ಅವರನ್ನು ನೋಡಿ ತುಟಿ ಕೊಂಕಿಸುತ್ತಲೇ ನಾನು ಓದಲು ಶುರುಮಾಡಿದೆ. ಪಕ್ಕದಲ್ಲಿ ಜಯೇಶ್‌ಭಾಯಿ ಬೆಂಚಿನ ಮೇಲೆ ಬೆರಳು ಕುಟ್ಟುತ್ತಿದ್ದ. ಮಾರುವವರ ಹೆಸರು, ಅವರ ಹಿಂದಿನವರು, ಅವರಿಗೂ ಹಿಂದಿನವರು, ಸತ್ತು ಬೂದಿಯಾದ ಜಮೀನುದಾರರ ವಂಶವೆಲ್ಲ ಒಂದಕ್ಷರ ತಪ್ಪದೆ ಇತ್ತು. ಆಮೇಲೆ ಕೊಳ್ಳುವವಳು ಬಂದಳು: ಮಾವಿನಕರ್ ವಿಶಾಲಾಕ್ಷೀಬೆನ್. ಕೆರೆ ಬತ್ತಿ ಕರ್ ಆಗಿ ನಾನೂ ಮರಾಠಿಯವಳಾಗಿದ್ದೆ. ಸಿಟ್ಟು ಬರುವಷ್ಟರಲ್ಲಿ ಮುಂದಿನ ಪದಗಳು ಕಣ್ಣಿಗೆ ಬಿದ್ದವು. ಅಕ್ಷರ ಕೂಡಿಸಿಕೊಂಡು ಓದಿದೆ. ತೇ, ಸ್ವರ್ಗಸ್ಥ, ರಂಗಪ್ಪಾಭಾಯಿನೀ, ವಿ, ಧ, ವಾ.

ನಾನು ನಮ್ಮಪ್ಪನ ವಿಧವೆ.

"ಇವರು ನನ್ನ ಅಪ್ಪ!" ಎಂದು ಕನ್ನಡದಲ್ಲೇ ಕಿರುಚಿದೆ. ಮೊಗಸಾಲೆಯಲ್ಲಿದ್ದ ರೇಷ್ಮೆ ಸೀರೆಗಳೆಲ್ಲ ಒಟ್ಟಿಗೆ ತಿರುಗಿದವು. ಹಿಂದಿಯಲ್ಲಿ ಹೇಳಿದ ಮೇಲೆ ಜಯೇಶ್‌ಭಾಯಿಗೆ ಅರ್ಥವಾಯಿತು. ಇಲ್ಲಿ ಹೆಂಗಸಿನ ಹೆಸರಿನ ಮಧ್ಯೆ ಗಂಡನ ಹೆಸರಿರುವುದು ವಾಡಿಕೆ. ಈ ವಯಸ್ಸಿನವಳಿಗೆ ಮದುವೆಯೇ ಆಗಿಲ್ಲವೆಂಬುದು ಆತನ ಯಾವ ಕಾನೂನು ಪುಸ್ತಕದಲ್ಲೂ ಇರಲಿಲ್ಲ. ನಾಚಿಕೆಪಡುತ್ತಾನೆಂದು ಕಾದೆ. ಆತ ಗಡಿಯಾರ ನೋಡಿ, "ಚಾಲ್‌ಶೇ ಬೆನ್," ನಡೆಯುತ್ತೆ ಬಿಡಿ, ಆಮೇಲೆ ತಿದ್ದುಪಡಿ ಪತ್ರ ಮಾಡಿಸಿದರಾಯಿತು, ಈಗ ಹೆಬ್ಬೆಟ್ಟು ಒತ್ತಿ ಎಂದ. ಈ ಪುಣ್ಯಾತ್ಮನ ಚಹಾ ಕುಡಿದು ಕಣ್ಣೀರು ತಂದುಕೊಂಡೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

"ನಹೀಂ ಚಲೇಗಾ," ಎಂದೆ. ಮಾರುವವರು ಎದ್ದು ನಿಂತರು. ಇವತ್ತು ಆಗದಿದ್ದರೆ ಬೇರೆ ಗಿರಾಕಿ ಇದ್ದಾನೆ ಎಂದು ದಲ್ಲಾಳಿ ನನಗೆ ಕೇಳುವಂತೆಯೇ ಪಿಸುಗುಟ್ಟಿದ. ಹೆದರಿದೆ, ಸುಳ್ಳೇಕೆ. ಆ ಬಾಗಿಲು ನನ್ನೆದುರಿಗೇ ಮುಚ್ಚುತ್ತಿತ್ತು. ಆದರೆ ಕನ್ನಡದಲ್ಲಿ ಓದದೆ ಒಂದು ಮನೆ ಕಳೆದುಕೊಂಡಿದ್ದೆ. ಗುಜರಾತಿಯಲ್ಲಿ ಓದಿದ ಮೇಲೂ ಇನ್ನೊಂದನ್ನು ಯಾರದೋ ವಿಧವೆಗೆ ಕೊಡಲು ನನ್ನಿಂದಾಗಲಿಲ್ಲ. ಬೆಂಚಿನ ಮೇಲೆ ಬ್ಯಾಗು ಇಟ್ಟು ಕೂತುಬಿಟ್ಟೆ. ಗೊಣಗುತ್ತ ಹೋದ ಜಯೇಶ್‌ಭಾಯಿ ಕಚೇರಿ ಮುಚ್ಚುವ ಮುಂಚೆ ಹೊಸ ಪತ್ರ ತಂದ. ಹೆಸರಿನಲ್ಲಿ ಅಟಕ್ ಇಲ್ಲದೆ ಆಗುವುದೇ ಇಲ್ಲ ಎಂದು ಹೋಗುವಾಗ ಹೇಳಿದ್ದ. ಹಾಗಾದರೆ ಮಾವಿನಕೆರೆ ಅಂತಲೇ ಇರಲಿ, ಕರ್ ಅಲ್ಲ, ಕೆರೆ ಎಂದು ಒಂದೊಂದೇ ಅಕ್ಷರ ಹೇಳಿ ಬರೆಸಿದ್ದೆ. ವಿಧವಾ ಹೋಗಿ 'ದೀಕ್ರೀ' ಬಂದಿತ್ತು. ದೀಕ್ರೀ ಎಂದರೆ ಮಗಳು. ಎರಡು ಸಲ ಓದಿ, ಹೆಬ್ಬೆರಳು ಒತ್ತಿದೆ.

ಈಗ ಸೊಸೈಟಿಯಲ್ಲಿ ನನಗೆ ಎಂಥ ಅಡಚಣೆಯೂ ಇಲ್ಲ. ಅಟಕ್ ಇದೆಯಲ್ಲ. ಸೆಕ್ರೆಟರಿ ಅದು ಯಾವ ಜಾತಿಯೆಂದು ಇನ್ನೂ ಲೆಕ್ಕ ಹಾಕುತ್ತಿದ್ದಾನೆ, ಹಾಕಲಿ. ಮಾವಿನಕೆರೆಯಲ್ಲಿ ಮಾವಿನಕೆರೆ ಎಂದು ಹೆಸರಿಟ್ಟುಕೊಂಡವರು ಯಾರೂ ಇಲ್ಲ, ಅಲ್ಲಿರುವವರಿಗೆ ಅದರ ಅಗತ್ಯವೂ ಇಲ್ಲ.

ಬಾಗಿಲಿಗೆ ಹೆಸರಿನ ಹಲಗೆ ಹಾಕಿಸುತ್ತಿದ್ದ ದಿನ ನಾಗರಾಜನಿಗೆ ಫೋನ್ ಮಾಡಿದೆ.

"ಅದ್ಯಾಕಕ್ಕ ಅಷ್ಟು ದೂರ ಮನೆ? ನಮ್ಮನೆ ಇಲ್ವಾ?" ಅಂದ. ಅವನು ಒಳಗೆ ಹೆಂಡತಿಗೆ ಕೂಗಿ ಹೇಳಿದ: "ಲೇ, ಬರೋಡದಕ್ಕ ಮನೆ ತಗೊಂಡವ್ರಂತೆ ಕಣೇ."

ನಾನು ಹುಟ್ಟಿದ ಮನೆಯಲ್ಲಿ ನಾನು ಬರೋಡದಕ್ಕ. ಇಲ್ಲಿ ಏಣಿಯ ಮೇಲೆ ನಿಂತಿದ್ದ ವಾಚ್‌ಮನ್ ಹಲಗೆಯನ್ನು ಗೋಡೆಗೆ ಒತ್ತಿ ಹಿಡಿದು, "ಮಾವಿನಕೆರೆಬೆನ್, ಬರಾಬರ್ ಛೇ?" ಸರಿಯಾಗಿದೆಯಾ ಎಂದು ಕೇಳಿದ. ತಲೆಗೆರೆಯಿಲ್ಲದ ಅಕ್ಷರಗಳಲ್ಲಿ ನಮ್ಮೂರಿನ ಹೆಸರು ಸ್ವಲ್ಪವೂ ವಾಲದೆ ನಿಂತಿತ್ತು. ನನಗೆ ಅಳು ಬಂತು.

"ಬರಾಬರ್ ಛೇ," ಎಂದೆ.

"ಏನಂದೆ ಅಕ್ಕ?" ಎಂದು ಫೋನಿನಲ್ಲಿ ನಾಗರಾಜ ಕೇಳಿದ.

"ನಿನಗಲ್ಲ ಕಣೋ," ಎಂದೆ.